ಕಡ್ಡಾಯ ಮಂಡಕ್ಕಿ

ನನ್ನ ಬಾಯಿಂದ ‘ಆಗಲ್ಲ’ ಎಂಬ ಮಾತು ಹೊರಡುವುದಿಲ್ಲ. ಹೊರಡಿಸಲು ನಾನೇನು ಕಡಿಮೆ ಪ್ರಯತ್ನಪಟ್ಟಿಲ್ಲ. ಕನ್ನಡಿಯ ಮುಂದೆ ನಿಂತು ‘ಆಗಲ್ಲ ಸರ್, ಕ್ಷಮಿಸಿ’ ಎಂದು ನಾಲ್ಕು ಸಲ ಗಟ್ಟಿಯಾಗಿ ಹೇಳಿ, ಮುಖದಲ್ಲಿ ಬೇಕಾದಷ್ಟು ಬಿಗುವು ತಂದುಕೊಂಡು ಹೊರಟಿದ್ದೇನೆ. ಎದುರಿಗೆ ಜೀವಂತ ಮನುಷ್ಯರೊಬ್ಬರು ಬಂದು ನಿಂತ ಕೂಡಲೇ ‘ಆಯ್ತು ಸರ್, ಅದಕ್ಕೇನಂತೆ’ ಎಂದು ಹಲ್ಲು ಕಿರಿದು ವಾಪಸು ಬಂದಿದ್ದೇನೆ. ಈ ಒಂದು ದೌರ್ಬಲ್ಯದ ಫಲವಾಗಿ ಹರಿಹರದ ನಮ್ಮ ಪುಟ್ಟ ಮನೆಯಲ್ಲಿ ಮೂರು ನೀರಿನ ಫಿಲ್ಟರುಗಳಿವೆ, ಯಾರೂ ತೆರೆದು ನೋಡದ ಹನ್ನೆರಡು ಸಂಪುಟಗಳ ವಿಶ್ವಕೋಶವಿದೆ, ಊರಿಗೆ ಹೋಗಿ ಬರುತ್ತೇವೆಂದು ಪಕ್ಕದ ಮನೆಯವರು ಬಿಟ್ಟುಹೋದ ಗಿಳಿಯೊಂದು ನಾಲ್ಕು ವರ್ಷದಿಂದ ನನ್ನನ್ನೇ ಬೈದುಕೊಂಡು ಬದುಕಿದೆ. ಇನ್ನು ಶಾಲೆಯಲ್ಲಂತೂ ಕೇಳಲೇಬೇಡಿ. ನಾನು ವಿಜ್ಞಾನದ ಮೇಡಂ. ಆದರೂ ಗಣರಾಜ್ಯೋತ್ಸವಕ್ಕೆ ಮಕ್ಕಳಿಗೆ ಕೋಲಾಟ ಕಲಿಸುವವಳು ನಾನು. ಕೋಲಾಟದಲ್ಲಿ ನನಗೆ ಗೊತ್ತಿರುವುದು ಕೋಲು ಮಾತ್ರ.

‘ಆಗಲ್ಲ ಅನ್ನಾಕೆ ಎಷ್ಟು ಹೊತ್ತು ಬೇಕು ನಿಂಗೆ? ಮೂರಕ್ಷರ’ ಎಂದು ನಮ್ಮ ಯಜಮಾನರು ವರ್ಷಕ್ಕೆ ನಾಲ್ಕು ಸಲವಾದರೂ ಕೇಳುತ್ತಾರೆ. ಅವರದು ಹಾರ್ಡ್‌ವೇರ್ ಅಂಗಡಿ. ದಿನವೆಲ್ಲ ‘ಇಲ್ಲ’, ‘ಬರಲ್ಲ’, ‘ನಾಳೆ ಬರ್ರಿ’ ಎಂದು ಹೇಳಿ ಹೇಳಿ ಅವರ ನಾಲಿಗೆ ಪಳಗಿದೆ. ‘ಆಯ್ತು ಅನ್ನಾಕೆ ಎರಡೇ ಅಕ್ಷರರೀ, ಬೇಗ ಮುಗಿಯುತ್ತೆ’ ಎನ್ನುತ್ತೇನೆ ನಾನು. ಅವರು ತಲೆ ಚಚ್ಚಿಕೊಳ್ಳುತ್ತಾರೆ. ಹೀಗೆ ಇಪ್ಪತ್ತೆರಡು ವರ್ಷ ಸಂಸಾರ ನಡೆದಿದೆ. ಆದರೆ ಈ ಗುಣ ಒಂದು ಸಲ ನಮ್ಮತ್ತೆಯ ಪ್ರಾಣಕ್ಕೇ ಕುತ್ತು ತಂದಿತ್ತು. ಆ ಕತೆಯನ್ನು ಎಲ್ಲಿಯಾದರೂ ಒಂದು ಕಡೆ ಒಪ್ಪಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ. ಎದ್ದು ಹೋಗುವವರು ಹೋಗಬಹುದು, ನಿಮಗೆ ‘ಆಗಲ್ಲ’ ಅನ್ನಲು ಬರುತ್ತದಲ್ಲ.

ನಮ್ಮ ಶಾಲೆ ಇರುವುದು ದಾವಣಗೆರೆಯಲ್ಲಿ. ಹೆಡ್‌ಮಾಸ್ಟರನ್ನೂ ಸೇರಿಸಿ ಹದಿಮೂರು ಜನ ಸಿಬ್ಬಂದಿ. ಬೇರೆ ಶಾಲೆಗಳಲ್ಲಿ ಶನಿವಾರ ಅರ್ಧ ದಿನ ಮುಗಿದ ಮೇಲೆ ಮೇಷ್ಟ್ರುಗಳು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ, ಮಂಡಕ್ಕಿ ತಿಂದು ಹೋಗಬೇಕು. ಸ್ಟಾಫ್ ರೂಮಿನ ದೊಡ್ಡ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಚೀಲದಿಂದ ಮಂಡಕ್ಕಿ ಸುರಿದು, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಪುಟಾಣಿ ಅಂದರೆ ಹುರಿಗಡಲೆ ಹಿಟ್ಟು, ಖಾರದ ಪುಡಿ, ಮೇಲೆ ಒಂದಿಷ್ಟು ಹಸಿ ಎಣ್ಣೆ ಹಾಕಿ ಕಲಸುವುದು. ಕಲಸುವ ಅಧಿಕಾರ ದೈಹಿಕ ಶಿಕ್ಷಕ ಹಾಲೇಶಪ್ಪನವರದು. ಗುಂಡು ಎಸೆದು ಎಸೆದು ಬಲಿತ ಕೈ, ಮೊಣಕೈವರೆಗೆ ಮಂಡಕ್ಕಿಯೊಳಗೆ ಇಳಿಯುತ್ತದೆ. ಪಕ್ಕದಲ್ಲಿ ಬಿಸಿ ಬಿಸಿ ಮಿರ್ಚಿ ಬಜ್ಜಿ. ತಟ್ಟೆ, ಪೊಟ್ಟಣ, ಚಮಚ ಏನೂ ಇಲ್ಲ. ಹದಿಮೂರು ಜನ ಮೇಜಿನ ಸುತ್ತ ನಿಂತು ಒಂದೇ ರಾಶಿಗೆ ಕೈ ಹಾಕಿ ತಿನ್ನಬೇಕು. ಎಷ್ಟು ರುಚಿ ಎಂದರೆ, ನಾನು ಎಂಟನೆಯ ತರಗತಿಗೆ ‘ಸೂಕ್ಷ್ಮಜೀವಿಗಳು’ ಪಾಠವನ್ನು ಸೀಮೆಸುಣ್ಣ ಸವೆಯುವಂತೆ ಮಾಡಿ, ಕೈ ತೊಳೆಯದೆ ತಿಂದರೆ ಏನೇನಾಗುತ್ತದೆ ಎಂದು ಚಿತ್ರ ಬರೆದು ತೋರಿಸಿ, ಅದೇ ಸೀಮೆಸುಣ್ಣದ ಕೈಯನ್ನು ತಂದು ರಾಶಿಗೆ ಹಾಕುತ್ತಿದ್ದೆ.

ಇದು ಬರೀ ತಿಂಡಿಯಾಗಿದ್ದರೆ ಸಮಸ್ಯೆಯೇ ಇರಲಿಲ್ಲ. ನಮ್ಮ ಹೆಡ್‌ಮಾಸ್ಟರು ಕೊಟ್ರಪ್ಪ ಸರ್ ಅವರಿಗೆ ಅದು ಸಂಸ್ಥೆಯ ಒಗ್ಗಟ್ಟು. ರಾಶಿಗೆ ಯಾರ ಕೈ ಬೀಳಲಿಲ್ಲವೋ ಅವರಿಗೆ ಯಾರ ಮೇಲೋ ಸಿಟ್ಟು ಬಂದಿದೆ ಎಂದೇ ಲೆಕ್ಕ. ಹಿಂದೊಮ್ಮೆ ಟೈಮ್‌ಟೇಬಲ್ ವಿಷಯಕ್ಕೆ ಗಣಿತದ ಮೇಷ್ಟ್ರು ಕನ್ನಡದ ಮೇಷ್ಟ್ರ ಮೇಲೆ ಮುನಿದು ಮೂರು ಶನಿವಾರ ರಾಶಿ ಮುಟ್ಟಲಿಲ್ಲ. ನಾಲ್ಕನೆಯ ಶನಿವಾರ ಕೊಟ್ರಪ್ಪ ಸರ್ ಇಬ್ಬರ ಮಣಿಕಟ್ಟು ಹಿಡಿದು, ಮದುವೆಯಲ್ಲಿ ಕೈ ಹಿಡಿಸುವ ಹಾಗೆ, ರಾಶಿಯೊಳಗೆ ಅದ್ದಿಸಿದರು. ‘ಆತು, ಮುಗೀತು. ತಿನ್ರಿ ಇನ್ನ’ ಎಂದರು. ಜಗಳ ಮುಗಿಯಿತು. ಅಂದಿನಿಂದ ನಮ್ಮ ಶಾಲೆಯಲ್ಲಿ ಯಾರಿಗೂ ಸಿಟ್ಟು ಮಾಡಿಕೊಳ್ಳುವ ಧೈರ್ಯವಿಲ್ಲ.

ಅಷ್ಟರಲ್ಲಿ ರೋಗ ಬಂತು. ಶಾಲೆ ಮುಚ್ಚಿತು, ಬೀದಿ ಮುಚ್ಚಿತು, ಕೊನೆಗೆ ನಮ್ಮ ಮೂಗು ಬಾಯಿ ಕೂಡ ಮುಚ್ಚಿದವು. ಆ ಒಂದೂವರೆ ಎರಡು ತಿಂಗಳು ಸಿಬ್ಬಂದಿಯೆಲ್ಲ ಬದುಕಿದ್ದು ವಾಟ್ಸಾಪ್ ಗುಂಪಿನಲ್ಲಿ. ಬೆಳಿಗ್ಗೆ ಕೊಟ್ರಪ್ಪ ಸರ್ ಒಂದು ಗುಲಾಬಿ ಹೂವಿನ ಚಿತ್ರ ಹಾಕಿದರೆ ಹನ್ನೆರಡು ಜನ ಕೈ ಮುಗಿಯುವುದು, ಹಾಲೇಶಪ್ಪ ಸೂರ್ಯನಮಸ್ಕಾರದ ವಿಡಿಯೊ ಹಾಕಿದರೆ ಹನ್ನೆರಡು ಜನ ಹೆಬ್ಬೆಟ್ಟು ಎತ್ತುವುದು, ಆಮೇಲೆ ‘ನಿಮ್ಮೆಲ್ಲರ ನೆನಪಾಗುತ್ತಿದೆ’, ‘ಶಾಲೆ ಯಾವಾಗ ತೆರೆಯುವುದೋ’ ಎಂದು ಒಬ್ಬರಿಗೊಬ್ಬರು ಕಣ್ಣೀರು ಕಳಿಸುವುದು. ನಾನೂ ಹಿಂದೆ ಬೀಳಬಾರದೆಂದು ಒಂದೆರಡು ಸಿಹಿ ಮಾತು ಹಾಕಿದ್ದುಂಟು. ಕೆಲಸವಿಲ್ಲದ ದಿನಗಳು, ಬೆರಳು ಸುಮ್ಮನಿರಬೇಕಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೆ ಮಕ್ಕಳು ಬರುವಂತಿಲ್ಲ, ಮೇಷ್ಟ್ರುಗಳು ಬರಬೇಕು ಎಂದಾಯಿತು. ಮಕ್ಕಳಿಗೆ ಅಂಟುವ ರೋಗ ಮೇಷ್ಟ್ರುಗಳಿಗೆ ಅಂಟುವುದಿಲ್ಲ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದಿರಬೇಕು. ಅದನ್ನಾದರೂ ಸಹಿಸಬಹುದಿತ್ತು. ಒಂದು ಗುರುವಾರ ಗುಂಪಿನಲ್ಲಿ ಕೊಟ್ರಪ್ಪ ಸರ್ ಸಂದೇಶ ಬಂತು: ‘ಆತ್ಮೀಯರೇ, ಬಹುಜನರ ಅಪೇಕ್ಷೆಯ ಮೇರೆಗೆ ಈ ಶನಿವಾರದಿಂದ ನಮ್ಮ ಸ್ನೇಹಕೂಟವನ್ನು ಪುನರಾರಂಭಿಸಲಾಗುವುದು. ಎಲ್ಲರೂ ಸ್ವಇಚ್ಛೆಯಿಂದ ಕಡ್ಡಾಯವಾಗಿ ಭಾಗವಹಿಸತಕ್ಕದ್ದು. ರೋಗದ ಬಗ್ಗೆ ಭಯ ಬೇಡ, ಎಲ್ಲ ಮುನ್ನೆಚ್ಚರಿಕೆ ಕೈಗೊಳ್ಳಲಾಗಿದೆ.’ ಆ ‘ಬಹುಜನ’ ಯಾರು ಎಂದು ನಾನು ಹಲ್ಲು ಕಡಿದೆ. ಯಾವನೋ ಜಿಹ್ವೆ ಚಪಲದವನು ಹೆಡ್‌ಮಾಸ್ಟರ ಕಿವಿ ಊದಿದ್ದಾನೆ, ಅವನ ಮನೆಯಲ್ಲಿ ಮಂಡಕ್ಕಿಗೆ ಗತಿಯಿಲ್ಲವೇ ಎಂದು ಅಡುಗೆಮನೆಯಲ್ಲಿ ಪಾತ್ರೆಗಳಿಗೆಲ್ಲ ಕೇಳುವಂತೆ ಬೈದೆ. ಬೈದು ಮುಗಿಸಿ ಗುಂಪು ತೆರೆದು ನೋಡಿದರೆ ಆಗಲೇ ಹನ್ನೊಂದು ಹೆಬ್ಬೆಟ್ಟುಗಳು ಎದ್ದು ನಿಂತಿದ್ದವು. ಹನ್ನೆರಡನೆಯದು ನನ್ನದು.

ನನ್ನ ಹೆದರಿಕೆಗೆ ಕಾರಣವಿತ್ತು. ನಮ್ಮತ್ತೆ ಗಂಗಮ್ಮನವರಿಗೆ ಮೂವತ್ತು ವರ್ಷದಿಂದ ದಮ್ಮು. ಮಲೆಬೆನ್ನೂರಿನ ಭತ್ತದ ಧೂಳಿನಲ್ಲಿ ಬೆಳೆದ ಎದೆ. ಮೋಡ ಕವಿದರೆ ಸಾಕು, ಒಳಗೆ ಸೀಟಿ ಊದಲು ಶುರುವಾಗುತ್ತದೆ. ವರ್ಷಗಳಿಂದ ಅವರನ್ನು ನೋಡುತ್ತಿದ್ದ ಡಾಕ್ಟರು ನನ್ನನ್ನು ಹೊರಗೆ ಕರೆದು, ‘ಮೇಡಂ, ಅಮ್ಮಾರಿಗೆ ಈ ರೋಗ ಬರದಂಗೆ ನೋಡಿಕೊಳ್ರಿ. ಬಂದ್ರೆ ನನ್ ಕೈಯಾಗೆ ಏನೂ ಇಲ್ಲ’ ಎಂದಿದ್ದರು. ಅತ್ತೆಯನ್ನು ಕಂಡರೆ ಸೊಸೆಯಂದಿರಿಗೆ ಆಗುವುದಿಲ್ಲ ಎಂಬ ಮಾತುಂಟು. ನನಗೆ ಹಾಗೇನಿಲ್ಲ. ನಾನು ಬಿ.ಎಡ್. ಓದುವಾಗ ನನ್ನ ಆರು ತಿಂಗಳ ಮಗಳನ್ನು ಮಡಿಲಿಗೆ ಹಾಕಿಕೊಂಡು, ‘ನೀ ಹೋಗು, ಬಸ್ಸು ತಪ್ಪತೈತೆ’ ಎಂದು ಬಾಗಿಲಿಗೆ ನೂಕಿದವರು ಅವರು. ಬೀಗರ ಪೈಕಿ ಯಾರೋ ‘ಸೊಸಿನ್ನ ಓದಿಸಿ ಏನ್ ಮಾಡ್ತೀ ಗಂಗಮ್ಮ’ ಎಂದು ಕೇಳಿದ್ದಕ್ಕೆ, ‘ನಿಂದೇನ್ ಗಂಟು ಹೋತು?’ ಎಂದು ಕೇಳಿ ಅವರನ್ನು ಚಹಾ ಕೂಡ ಕೊಡದೆ ಕಳಿಸಿದ್ದರು. ಅವರಿಗೆ ಏನಾದರೂ ಆದರೆ ನಾನು ಯಾವ ಮುಖ ಹೊತ್ತು ಬದುಕಲಿ?

ಹಾಗಾದರೆ ಹೋಗದೆ ಇದ್ದರಾಯಿತಲ್ಲ ಎನ್ನುತ್ತೀರಿ. ಯಜಮಾನರೂ ಅದನ್ನೇ ಅಂದರು. ನಾನು ಫೋನು ಹಿಡಿದುಕೊಂಡು, ಉಸಿರು ಎಳೆದುಕೊಂಡು, ಕೊಟ್ರಪ್ಪ ಸರ್ ಅವರಿಗೆ ಕರೆ ಮಾಡಿದೆ. ‘ಸರ್, ಶನಿವಾರದ ಬಗ್ಗೆ...’ ಎಂದೆ. ‘ಹೌದ್ರಿ ಮೇಡಂ, ನೀವು ಬರಲೇಬೇಕು, ನಿಮ್ ಸಲುವಾಗಿ ಟೊಮೆಟೊ ಜಾಸ್ತಿ ಹಾಕ್ಸಾಕೆ ಹೇಳೀನಿ’ ಎಂದರು. ‘ಆಯ್ತು ಸರ್, ಅದಕ್ಕೇನಂತೆ’ ಎಂದೆ. ಯಜಮಾನರು ಎದ್ದು ಅಂಗಡಿಗೆ ಹೋದರು. ಅವತ್ತು ಅಂಗಡಿಗೆ ರಜೆ ಇತ್ತು.

ಆ ಶನಿವಾರ ಹರಿಹರದಿಂದ ಸ್ಕೂಟರಿನಲ್ಲಿ ಹೋದೆ. ಗೇಟಿನಲ್ಲೇ ಹಾಲೇಶಪ್ಪ ಪಿಸ್ತೂಲಿನಂಥ ಥರ್ಮಾಮೀಟರನ್ನು ಹಣೆಗೆ ಹಿಡಿದು, ‘ತೊಂಬತ್ತೊಂದು, ಹೋಗ್ರಿ ಮೇಡಂ’ ಎಂದರು. ನನ್ನ ವಿಜ್ಞಾನದ ಪ್ರಕಾರ ಅಷ್ಟು ತಣ್ಣಗಿರುವವರನ್ನು ಶಾಲೆಗೆ ಬಿಡಬಾರದು, ಆಸ್ಪತ್ರೆಗೆ ಸಾಗಿಸಬೇಕು. ಎಲ್ಲರದ್ದೂ ತೊಂಬತ್ತೊಂದೇ ಆಗಿದ್ದರಿಂದ ಸುಮ್ಮನಾದೆ. ಒಳಗೆ ಪ್ರಾರ್ಥನಾ ಮಂದಿರದಲ್ಲಿ ಹಾಲೇಶಪ್ಪ ಉದ್ದ ಜಿಗಿತದ ಟೇಪು ಹಿಡಿದು ಆರಾರು ಅಡಿಗೆ ಸುಣ್ಣದ ಪುಡಿಯಲ್ಲಿ ಹದಿಮೂರು ವೃತ್ತಗಳನ್ನು ಬರೆದಿದ್ದರು. ಪ್ರತಿಯೊಂದು ವೃತ್ತದ ಮೇಲೂ ಸೇವಾ ಹಿರಿತನದ ಪ್ರಕಾರ ನಂಬರು. ಎಷ್ಟು ಶಿಸ್ತು, ಎಷ್ಟು ದೂರ, ಯಾರಾದರೂ ನೋಡಿದರೆ ಶಹಬ್ಬಾಸ್ ಅನ್ನಬೇಕು. ಮಧ್ಯದಲ್ಲಿ ಎರಡು ಬೆಂಚು ಜೋಡಿಸಿ, ಪೇಪರು ಹಾಸಿ, ಅದರ ಮೇಲೆ ಮಂಡಕ್ಕಿ ರಾಶಿ. ಅದೇ ರಾಶಿ. ಒಂದೇ ರಾಶಿ.

‘ಸರ್, ಬೇರೆ ಬೇರೆ ಪೊಟ್ಟಣ ಕಟ್ಟಿದ್ರೆ ಹೆಂಗೆ?’ ಎಂದು ಇಂಗ್ಲಿಷಿನ ಶಾರದಾ ಮೇಡಂ ಮಾಸ್ಕಿನೊಳಗಿಂದ ಕೇಳಿದಳು. ಶಾರದಾ ನನ್ನ ಗೆಳತಿ. ನನಗಿಂತ ಸ್ವಲ್ಪ ಗಟ್ಟಿಗಿತ್ತಿ, ಅಂದರೆ ಪ್ರಶ್ನೆ ಕೇಳುತ್ತಾಳೆ, ಉತ್ತರ ಬಂದ ಮೇಲೆ ಒಪ್ಪಿಕೊಳ್ಳುತ್ತಾಳೆ. ಕೊಟ್ರಪ್ಪ ಸರ್ ಮುಖ ಸಣ್ಣದಾಯಿತು. ‘ಪೊಟ್ಟಣ ಬೇಕಾದ್ರೆ ಬೀದಿಯಾಗೆ ಸಿಗತೈತೆ ಮೇಡಂ. ಇಲ್ಲಿಗೆ ಯಾಕ ಬರಬೇಕು?’ ಎಂದರು. ಅವರೂ ಯೋಚನೆ ಮಾಡದೆ ಇರಲಿಲ್ಲವಂತೆ. ಒಬ್ಬೊಬ್ಬರಾಗಿ ಹಿರಿತನದ ಪ್ರಕಾರ ಬರಬೇಕು, ಸ್ಯಾನಿಟೈಸರ್ ಹಚ್ಚಿಕೊಳ್ಳಬೇಕು, ಒಂದು ಹಿಡಿ ತೆಗೆದುಕೊಂಡು ತಮ್ಮ ತಮ್ಮ ವೃತ್ತಕ್ಕೆ ಹೋಗಬೇಕು. ತಿನ್ನುವಾಗ ಮಾಸ್ಕು ಇಳಿಸಬೇಕಾಗುವುದರಿಂದ ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ನಿಂತು ತಿನ್ನಬೇಕು. ಹೀಗೆ ಐದು ಸುತ್ತು. ಹದಿಮೂರು ಜನ ಮೇಷ್ಟ್ರುಗಳು, ಒಟ್ಟು ಸೇರಿದರೆ ಇನ್ನೂರು ವರ್ಷಕ್ಕೂ ಮಿಕ್ಕಿದ ಸೇವೆ, ಹೋಮ್‌ವರ್ಕ್ ತಾರದ ಹುಡುಗರ ಹಾಗೆ ಗೋಡೆಗೆ ಮುಖ ಹಾಕಿ ನಿಂತೆವು.

ನನ್ನ ಬುದ್ಧಿ ಚುರುಕಾದದ್ದು ಆಗ. ಎದುರಿಗೆ ಗೋಡೆ, ಹಿಂದೆ ನೋಡುವವರಿಲ್ಲ, ಹೆಗಲಿಗೆ ವ್ಯಾನಿಟಿ ಬ್ಯಾಗು. ಹಿಡಿಯನ್ನು ಮೆಲ್ಲಗೆ ಬ್ಯಾಗಿಗೆ ಇಳಿಸಿ, ಬರೀ ದವಡೆಯನ್ನು ಆಡಿಸಿದೆ. ಐದು ಸುತ್ತಿಗೆ ಐದು ಹಿಡಿ. ಕಟುಂ ಕುಟುಂ ಶಬ್ದ ಮಾಡುವುದು ಹೇಗೆ ಎಂದು ಮಾತ್ರ ಹೊಳೆಯಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಸ್ಕೂಟರು ನಿಲ್ಲಿಸಿ, ಜಾಲಿ ಗಿಡವೊಂದರ ಬುಡದಲ್ಲಿ ಬ್ಯಾಗು ಕೊಡವಿದೆ. ಕಾಗೆಗಳು ಬಂದವು. ಮನೆಗೆ ಬಂದು, ಹಿತ್ತಲಿನಿಂದಲೇ ಬಚ್ಚಲಿಗೆ ಹೋಗಿ, ಸೀರೆ ಸಮೇತ ನೆನೆದು ಒಳಗೆ ಬಂದೆ. ಎರಡನೆಯ ವಾರದಿಂದ ಹಾಲಿನ ಪ್ಯಾಕೆಟ್ಟೊಂದನ್ನು ತೊಳೆದು ಒಣಗಿಸಿ ಬ್ಯಾಗಿನೊಳಗೆ ಬಾಯಿ ತೆರೆದು ಇಟ್ಟುಕೊಂಡು ಹೋಗತೊಡಗಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಒಂದು ಶನಿವಾರ ಶಾರದಾ ಬರಲಿಲ್ಲ. ಅವಳಿಗೆ ನಿಜಕ್ಕೂ ಹಲ್ಲು ನೋವಿತ್ತು. ಸೋಮವಾರದ ಹೊತ್ತಿಗೆ ಅವಳಿಗೆ ಯಾರ ಮೇಲೆ ಸಿಟ್ಟು ಎಂಬ ಬಗ್ಗೆ ನಾಲ್ಕು ಅಭಿಪ್ರಾಯಗಳು ಹುಟ್ಟಿದ್ದವು. ಬುಧವಾರ ಕೊಟ್ರಪ್ಪ ಸರ್ ಮತ್ತು ಹಾಲೇಶಪ್ಪ ಅವಳ ಮನೆಗೇ ಹೋಗಿ, ‘ಏನೇ ಇರ್ಲಿ, ಮನಸಿನಾಗೆ ಇಟ್ಕಬ್ಯಾಡ್ರಿ ಮೇಡಂ’ ಎಂದು ಅರ್ಧ ಗಂಟೆ ಸಮಾಧಾನ ಹೇಳಿದರು. ಊದಿದ ಕೆನ್ನೆ ಹಿಡಿದುಕೊಂಡೇ ಅವಳು ಮುಂದಿನ ಶನಿವಾರ ಬಂದು ರಾಶಿಗೆ ಕೈ ಹಾಕಿದಳು. ಇದನ್ನು ಕಂಡ ಮೇಲೆ ತಪ್ಪಿಸಿಕೊಳ್ಳುವ ಯೋಚನೆಯನ್ನೇ ಬಿಟ್ಟೆ. ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ವಾರ ವಾರವೂ ರಾಶಿ ಚೊಕ್ಕವಾಗಿ ಖಾಲಿಯಾಗುತ್ತಿತ್ತು. ‘ಎಷ್ಟು ಹಸಿದಿದ್ರು ನೋಡ್ರಿ ಪಾಪ’ ಎಂದು ಕೊಟ್ರಪ್ಪ ಸರ್ ಕಣ್ಣು ಒದ್ದೆ ಮಾಡಿಕೊಂಡು, ಮಂಡಕ್ಕಿಯನ್ನು ಒಂದು ಚೀಲದಿಂದ ಒಂದೂವರೆ ಚೀಲಕ್ಕೆ ಏರಿಸಿದರು. ನನ್ನದೂ ಪ್ಯಾಕೆಟ್ಟು ಎರಡಾಯಿತು.

ಆರನೆಯ ಶನಿವಾರ ಮಳೆ ಹಿಡಿಯಿತು. ಜಾಲಿ ಗಿಡದ ಹತ್ತಿರ ನಿಲ್ಲಿಸುವಂತಿರಲಿಲ್ಲ. ಸೀದಾ ಮನೆಗೆ ಬಂದು, ಬ್ಯಾಗನ್ನು ಹಿತ್ತಲ ಬಾಗಿಲಿನ ಮೊಳೆಗೆ ತಗುಲಿಹಾಕಿ ಬಚ್ಚಲಿಗೆ ಓಡಿದೆ. ತಲೆಗೆ ಸೀಗೇಕಾಯಿ ಹಾಕಿಕೊಂಡು ನಿಧಾನವಾಗಿ ಸ್ನಾನ ಮುಗಿಸಿ ಬಂದರೆ, ನಡುಮನೆಯಲ್ಲಿ ನಮ್ಮತ್ತೆ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಮಂಡಕ್ಕಿ. ಅದರ ಮೇಲೆ ಹೊಸದಾಗಿ ಹೆಚ್ಚಿದ ಈರುಳ್ಳಿ.

‘ಫೋನು ಬಡ್ಕಣಾಕೆ ಹತ್ತಿತ್ತು, ನಿನ್ ಬ್ಯಾಗ್ ತೆಗೆದೆ’ ಎಂದರು ಅತ್ತೆ, ಬಾಯಿ ತುಂಬಾ ಇಟ್ಟುಕೊಂಡು. ‘ಶಾರದಮ್ಮ ಮಾಡಿದ್ಲು, ಮನಿ ಮುಟ್ಟಿದ್ಯಾ ಅಂತ. ಏನವ್ವಾ, ಎಷ್ಟ್ ದಿನ ಆಗಿತ್ತು ಮಂಡಕ್ಕಿ ತಿಂದು! ಮುದುಕಿ ಆಸಿ ತಿಳಕಂಡು ತಂದೀಯಲ್ಲ, ನೂರು ವರ್ಷ ಬಾಳು. ಸ್ವಲ್ಪ ಮೆತ್ತಗಾಗಿತ್ತು, ಉಳ್ಳಾಗಡ್ಡಿ ಹಾಕ್ಕಂಡೆ.’

ಹದಿಮೂರು ಜನರ ಕೈ ಬಿದ್ದ ರಾಶಿ. ಆ ರಾಶಿ ಮನೆಯೊಳಗೆ ಬರಬಾರದೆಂದೇ ಇಷ್ಟೆಲ್ಲ ನಾಟಕ ಮಾಡಿದವಳು ನಾನು. ಅದನ್ನು ಪ್ಯಾಕ್ ಮಾಡಿ, ಹದಿನಾಲ್ಕು ಕಿಲೋಮೀಟರು ಹೊತ್ತು ತಂದು, ಊರಲ್ಲಿ ಯಾರಿಗೆ ತಲುಪಬಾರದೋ ಅವರ ತೊಡೆಯ ಮೇಲೆ ಇಟ್ಟವಳೂ ನಾನೇ. ತಟ್ಟೆ ಕಿತ್ತುಕೊಳ್ಳೋಣವೆಂದರೆ ತಳದಲ್ಲಿ ನಾಲ್ಕು ಕಾಳು ಉಳಿದಿದ್ದವು. ‘ಹೆಂಗಿತ್ತು ಅತ್ತೆ?’ ಎಂದು ಕೇಳಿದೆ. ‘ಬೇಷೈತೆ’ ಎಂದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ನಿಜ ಹೇಳುವ ಧೈರ್ಯ ಬರಲಿಲ್ಲ. ಬದಲಿಗೆ ಅತ್ತೆಗೆ ಬೆಳಿಗ್ಗೆ ಕಷಾಯ, ಮಧ್ಯಾಹ್ನ ಅರಿಶಿನದ ಹಾಲು, ಸಂಜೆ ಹಬೆ. ದಿನಕ್ಕೆ ಐದು ಸಲ ಬೆರಳಿಗೆ ಆಕ್ಸಿಮೀಟರು. ‘ಏನಾಗೈತೆ ನಿಂಗೆ? ಬೆರಳು ಸವದು ಹೋಕ್ಕತೆ ಬಿಡು’ ಎಂದು ಅವರು ಕೈ ಕೊಡವಿದರೂ ಬಿಡಲಿಲ್ಲ. ಅವರ ಮಂಚದ ಪಕ್ಕ ಕೂತು ಉಸಿರು ಎಣಿಸುತ್ತಿದ್ದೆ. ಐದನೆಯ ದಿನ ಬೆಳಿಗ್ಗೆ ಅವರು ಕೆಮ್ಮಿದರು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ. ಮೋಡ ಕವಿದಿತ್ತು, ಅದು ಅವರ ಎಂದಿನ ಕೆಮ್ಮೇ ಇರಬಹುದಿತ್ತು. ನನಗೆ ಹಾಗೆ ಕೇಳಿಸಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರ್ಸಮ್ಮ ಮೂಗಿಗೆ ಕಡ್ಡಿ ಹಾಕಿದಾಗ ಅತ್ತೆ ಆಕೆಯ ಮೂರು ತಲೆಮಾರನ್ನು ವಿಚಾರಿಸಿಕೊಂಡರು. ರಿಪೋರ್ಟಿಗೆ ಎರಡು ದಿನ ಎಂದರು.

ಮನೆಗೆ ಬಂದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಅತ್ತೆಯ ಕಾಲ ಹತ್ತಿರ ಕೂತು, ಅಳುತ್ತಾ, ರಾಶಿ, ವೃತ್ತ, ಗೋಡೆ, ಹಾಲಿನ ಪ್ಯಾಕೆಟ್ಟು, ಜಾಲಿ ಗಿಡ ಎಲ್ಲವನ್ನೂ ಹೇಳಿದೆ. ‘ನಿಮಗೇನಾದ್ರೂ ಆದ್ರೆ ನಾನು ಬದುಕಲ್ಲ ಅತ್ತೆ’ ಎಂದೆ. ಬೈದರೆ ಸಾಕು ಎಂದು ಕಾದೆ.

‘ಅಂದ್ರ, ನನ್ ಸಲುವಾಗಿ ತಂದಿದ್ದಲ್ಲ ಅದು’ ಎಂದರು.

ಅದು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ. ನನ್ನ ಅಳು ಇನ್ನೂ ಜೋರಾಯಿತು. ಆಗ ಅವರೇ ತಲೆಯ ಮೇಲೆ ಕೈಯಿಟ್ಟು, ‘ಅಳಬ್ಯಾಡ, ಸುಮ್ನಿರು. ಮೂವತ್ತು ವರ್ಷದಿಂದ ಈ ದಮ್ಮು ನನ್ನ ಒಯ್ತೀನಿ ಒಯ್ತೀನಿ ಅಂತೈತೆ. ಮಂಡಕ್ಕಿ ಒಯ್ಯತೈತಾ?’ ಎಂದರು. ನಗಲು ಹೋಗಿ ಕೆಮ್ಮಿದರು. ನಾನು ಓಡಿಹೋಗಿ ಆಕ್ಸಿಮೀಟರು ತಂದೆ.

ಎರಡು ದಿನಕ್ಕೆ ರಿಪೋರ್ಟು ಬಂತು. ಏನೂ ಇರಲಿಲ್ಲ. ಬರೀ ಹಳೆಯ ದಮ್ಮು. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿ ತಿರುಗುವಷ್ಟರಲ್ಲಿ ಅತ್ತೆ, ‘ನಿನ್ ಹೆಡ್‌ಮಾಸ್ತರ್‌ಗೆ ಫೋನ್ ಹಚ್ಚು. ಜೋರಾಗಿ ಕೇಳಂಗೆ ಇಡು’ ಎಂದರು. ‘ಬೇಡ ಅತ್ತೆ, ತಪ್ಪು ತಿಳ್ಕೊತಾರೆ’ ಎಂದೆ. ‘ಹಚ್ಚು ಅಂದೆ’ ಎಂದರು. ಆಯ್ತು ಎಂದು ಹಚ್ಚಿದೆ.

‘ಮಾಸ್ತರೇ, ನಾನು ಸುಮಂಗಲಾ ಟೀಚರ್ ಅತ್ತಿ ಮಾತಾಡಾದು’ ಎಂದು ಶುರುಮಾಡಿದರು ಅತ್ತೆ. ‘ನಂಗೆ ದಮ್ಮು ಐತೆ. ಇನ್ನೊಂದು ರೋಗಕ್ಕೆ ನನ್ ಎದ್ಯಾಗೆ ಜಾಗ ಇಲ್ಲ. ನಮ್ ಸೊಸಿ ಈ ಶನಿವಾರ ಮಂಡಕ್ಕಿಗೆ ಬರಲ್ಲ. ಮುಂದಿನ ಶನಿವಾರನೂ ಬರಲ್ಲ. ಆಕಿಗೆ ಯಾರ ಮ್ಯಾಲೂ ಸಿಟ್ಟಿಲ್ಲ. ಸಿಟ್ಟಿದ್ರೆ ನಂಗೈತೆ. ನೀವು ಕಲ್ತೋರು, ಈ ಹೊತ್ನಾಗೆ ಹಿಂಗ್ ಮಾಡ್ಬೌದಾ?’

ಎರಡು ನಿಮಿಷದ ಕೆಲಸ. ಇಷ್ಟು ದಿನ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದುದೆಲ್ಲ ಅವರ ಬಾಯಿಂದ ಮೊಸರನ್ನದ ಹಾಗೆ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡು ಕೊಟ್ರಪ್ಪ ಸರ್ ಗುಡುಗುವುದನ್ನು ಕಾದೆ.

‘ಅಯ್ಯಯ್ಯೋ ಅಮ್ಮಾರೆ’ ಎಂದರು ಕೊಟ್ರಪ್ಪ ಸರ್. ದನಿಯಲ್ಲಿ ಗುಡುಗಿರಲಿಲ್ಲ, ಗಾಬರಿಯಿತ್ತು. ‘ಇದು ಶುರುವಾಗಿದ್ದೇ ಮೇಡಮ್ಮೋರಿಂದ ಅಲ್ಲೇನ್ರಿ! ಲಾಕ್‌ಡೌನ್‌ನಾಗೆ ಗ್ರೂಪಿಗೆ ಬರೆದಿದ್ರು. ತಡೀರಿ, ಇಲ್ಲೇ ಐತೆ, ಓದ್ತೀನಿ. “ಸರ್, ಮಕ್ಕಳಿಲ್ಲದ ಶಾಲೆಯನ್ನು ನೆನೆದರೆ ಕರುಳು ಕಿವುಚುತ್ತದೆ. ಅದಕ್ಕಿಂತ ಹೆಚ್ಚಾಗಿ, ಶನಿವಾರದ ಮಂಡಕ್ಕಿಯಿಲ್ಲದೆ ನಾವೆಲ್ಲ ಅನಾಥರಾಗಿದ್ದೇವೆ.” ಕೆಳಗೆ ಮೂರು ಸಲ ಕೈ ಮುಗಿದಾರ್ರಿ. ಅದಕ್ಕೆ ಎಲ್ರೂ ಹೌದು ಹೌದು ಅಂದ್ರು. ಅನಾಥರು ಅಂದ್ಬಿಟ್ರಲ್ಲಪ್ಪಾ ಅಂತ ನಂಗೆ ಎರಡು ದಿನ ಊಟ ಸೇರಲಿಲ್ಲ. ಅದಕ್ಕೇ ಶುರು ಮಾಡಿದೆ.’

ಅತ್ತೆ ನನ್ನನ್ನು ನೋಡಿದರು. ನಾನು ಗಿಳಿಯ ಪಂಜರ ನೋಡಿದೆ.

‘ಆತು, ನೀವ್ ತಿಂತಿದ್ರೇನು ಅದನ್ನ?’ ಎಂದು ಅತ್ತೆ ಕೇಳಿದರು.

‘ನಾನಾ? ಶಿವ ಶಿವ! ನಂಗೆ ಶುಗರ್ ಐತೆ, ಬಿಪಿ ಐತೆ. ಮನ್ಯಾಗೆ ಹೆಂಡ್ತಿ ಬಾಗಿಲು ತೆಗೆಯಲ್ಲ. ಸಫಾರಿ ಜೇಬಿಗೆ ಹಾಕ್ಕಂಡು ಬಂದು ಆಕಳಿಗೆ ಹಾಕ್ತಿದ್ದೆ. ಅದಕ್ಕೇ ಅಲ್ಲೇನ್ರಿ ಗೋಡಿ ಕಡಿಗೆ ತಿರುಗೋ ರೂಲ್ಸ್ ಮಾಡಿದ್ದು. ಮೇಡಮ್ಮೋರು ಅಷ್ಟು ಆಸಿ ಪಟ್ಟು ತಿನ್ನೋವಾಗ ನಾನು ತಿನ್ನಲ್ಲ ಅಂದ್ರೆ ಬೇಜಾರು ಮಾಡ್ಕಂತಾರೆ ಅಂತ...’

ಫೋನು ಇಟ್ಟ ಮೇಲೆ ಅತ್ತೆ ಮೊರ ಎಳೆದುಕೊಂಡು ಅಕ್ಕಿ ಆರಿಸಲು ಕೂತರು. ಕಾಲು ಗಂಟೆಯಲ್ಲಿ ಗುಂಪಿಗೆ ಸಂದೇಶ ಬಂತು: ‘ಆತ್ಮೀಯರೇ, ಅನಿವಾರ್ಯ ಕಾರಣಗಳಿಂದ ಶನಿವಾರದ ಸ್ನೇಹಕೂಟವನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ.’ ಅದರ ಬೆನ್ನಿಗೇ ಶಾರದಾ ಫೋನು ಮಾಡಿ ಸಂತೋಷ ತಡೆಯಲಾರದೆ ಬಾಯಿ ಬಿಟ್ಟಳು. ಅವಳೂ ಒಂದು ಕಾಳು ತಿಂದಿರಲಿಲ್ಲವಂತೆ, ಮಡಿಸಿದ ಛತ್ರಿಯೊಳಗೆ ಹಾಕಿಕೊಂಡು ಹೋಗುತ್ತಿದ್ದಳಂತೆ. ಮಳೆ ಬಂದ ಆ ಶನಿವಾರ ಬೀದಿಯಲ್ಲಿ ಛತ್ರಿ ಬಿಡಿಸಿ ತಲೆಯ ಮೇಲೆಲ್ಲ ಮಂಡಕ್ಕಿ ಸುರಿದುಕೊಂಡಳಂತೆ. ಕಲಸಿದ ಹಾಲೇಶಪ್ಪ ಕೂಡ ತಮ್ಮ ಪಾಲನ್ನು ಟ್ರ್ಯಾಕ್‌ಸೂಟಿನೊಳಗೆ ಒಯ್ಯುತ್ತಿದ್ದುದನ್ನು ಅವಳು ಕಂಡಿದ್ದಳು.

ನಾನು ಗುಂಪು ತೆರೆದೆ. ಸಂತಾಪಗಳು ಹರಿದು ಬರುತ್ತಿದ್ದವು. ‘ತುಂಬಾ ನೋವಾಯಿತು ಸರ್’ ಎಂದು ಹಾಲೇಶಪ್ಪ. ‘ಶನಿವಾರ ಬಂದರೆ ಇನ್ನು ಏನು ಮಾಡುವುದು ಸರ್’ ಎಂದು ಐದು ಅಳುವ ಮುಖಗಳೊಂದಿಗೆ ಶಾರದಾ, ನನ್ನ ಫೋನು ಇಟ್ಟ ಕ್ಷಣದಲ್ಲೇ. ಎಂಥ ನಾಚಿಕೆಯಿಲ್ಲದ ಸುಳ್ಳುಗಾರರಪ್ಪಾ ಎಂದು ನನಗೆ ನಗು ಬಂತು. ನಗುನಗುತ್ತಲೇ ಎಣಿಸಿದೆ. ಹನ್ನೊಂದು ಜನ ಬರೆದಿದ್ದರು. ಬರೆಯದೆ ಉಳಿದವಳು ನಾನೊಬ್ಬಳೇ. ಅತ್ತೆ ಬೇರೆ ಹಾಗೆ ಮಾತಾಡಿಬಿಟ್ಟಿದ್ದಾರೆ, ನಾನೂ ಸುಮ್ಮನಿದ್ದರೆ ಸರ್ ಏನೆಂದುಕೊಂಡಾರು? ಪಾಪ, ಎರಡು ದಿನ ಊಟ ಬಿಟ್ಟ ಮನುಷ್ಯ. ಒಂದು ಸಾಲು ಬರೆದರೆ ಏನು ಹೋಗುತ್ತದೆ? ಬೆರಳು ಆಗಲೇ ಓಡತೊಡಗಿತ್ತು: ‘ನಿಮ್ಮ ಕಾಳಜಿಗೆ ಅನಂತ ವಂದನೆಗಳು ಸರ್. ಶನಿವಾರದ ಮಂಡಕ್ಕಿಯಿಲ್ಲದೆ ನಾವೆಲ್ಲ ಮತ್ತೆ...’

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. ಅಕ್ಕಿಯ ಹಿಟ್ಟು ಮೆತ್ತಿದ ಕೈಯನ್ನು ಮಾತ್ರ ನನ್ನ ಕಡೆ ಚಾಚಿದರು.

‘ಕೊಡು ಇಲ್ಲಿ ಅದನ್ನ’ ಎಂದರು.

‘ಆಯ್ತು ಅತ್ತೆ, ಅದಕ್ಕೇನಂತೆ’ ಎಂದು ಕೊಟ್ಟೆ.